ಅಡುಗೆಮನೆಗೆ ಬಂದ ನಳ

ನನಗೆ ಗೊತ್ತಿರುವ ಮಟ್ಟಿಗೆ, ಬೆಳಗಾವಿಯ ನಮ್ಮ ಗಲ್ಲಿಯಲ್ಲಿ ಅಡುಗೆಮನೆಯೊಳಗೆ ನಳ ಹಾಕಿಸಿದ ಮೊದಲ ಹೆಂಗಸು ನಾನೇ. ಅಡುಗೆಮನೆಯೊಳಗೆ ಲಟ್ಟಣಿಗೆ ತೇಲಾಡುವುದನ್ನು ಕಂಡ ಮೊದಲ ಹೆಂಗಸೂ ನಾನೇ. ಈ ಎರಡು ಗೌರವಗಳೂ ನನಗೆ ಒಂದೇ ಚಳಿಗಾಲದಲ್ಲಿ ಸಂದವು.

ಎಂಬತ್ತರ ದಶಕ ಶುರುವಾಗಿ ಆಗ ಹೆಚ್ಚು ಕಾಲವಾಗಿರಲಿಲ್ಲ. ನಾನು ಹುಡುಗಿಯರ ಶಾಲೆಯಲ್ಲಿ ಟೀಚರು, ಹಾಗಾಗಿ ಗಲ್ಲಿಗೆಲ್ಲ ‘ಅಕ್ಕಾರು’. ನಮ್ಮವರಿಗೆ ಖಾನಾಪುರದ ತಾಲೂಕು ಕಚೇರಿಯಲ್ಲಿ ನೌಕರಿ; ಬೆಳಿಗ್ಗೆ ಪ್ಯಾಸೆಂಜರ್ ರೈಲಿಗೆ ಹೋಗುವುದು, ಸಂಜೆ ರೈಲಿಗೆ ಬರುವುದು. ಮನೆಯಲ್ಲಿ ಮೂರನೆಯವರು ನಮ್ಮ ಅತ್ತೆ. ನಸುಕಿನಲ್ಲಿ ಅವರು ಸ್ನಾನ, ಲಿಂಗಪೂಜೆ ಮುಗಿಸಿ ಒಲೆ ಮುಂದೆ ಕೂತು ಜೋಳದ ರೊಟ್ಟಿ ಬಡಿಯತೊಡಗಿದರೆ ಆ ಸಪ್ಪಳಕ್ಕೇ ನನಗೆ ಎಚ್ಚರ. ಆಮೇಲೆ ನಾನು ಪಲ್ಯ ಮಾಡುವುದು, ನಾವಿಬ್ಬರೂ ಸಣ್ಣದೊಂದು ಜಗಳ ಆಡುವುದು, ಡಬ್ಬಿ ಕಟ್ಟುವುದು. ಜಗಳ ತಪ್ಪಿದ ದಿನ ನಾನು ಪಲ್ಯಕ್ಕೆ ಉಪ್ಪು ಹಾಕುವುದನ್ನೇ ಮರೆಯುತ್ತಿದ್ದೆ.

ನೀರು ದಿನ ಬಿಟ್ಟು ದಿನ ಬರುತ್ತಿತ್ತು. ಯಾವ ಹೊತ್ತಿಗೆ ಬರುತ್ತದೆ, ಬಂದರೆ ಎಷ್ಟು ಹೊತ್ತು ಇರುತ್ತದೆ ಎಂದು ಮಾತ್ರ ಆ ನೀರಿಗೂ ಗೊತ್ತಿರಲಿಲ್ಲ. ಅದಕ್ಕೆ ನಮ್ಮ ಗಲ್ಲಿಯ ಹೆಂಗಸರದೊಂದು ಪದ್ಧತಿ. ಹಿತ್ತಲಿನ ನಳವನ್ನು ಪೂರ್ತಿ ತಿರುವಿಟ್ಟು, ಕೆಳಗೆ ಖಾಲಿ ತಾಮ್ರದ ಕೊಡ ಇಟ್ಟು, ನಮ್ಮ ನಮ್ಮ ಕೆಲಸಕ್ಕೆ ಹೋಗಿಬಿಡುವುದು. ನೀರು ಬಂತೆಂದರೆ ಕೊಡ ಢಣಢಣ ಎಂದು ಕರೆಯುತ್ತಿತ್ತು. ಯಾರೂ ಓಡಿ ಬರದಿದ್ದರೆ ತುಂಬಿ ಚೆಲ್ಲಿದ ನೀರು ಕರಿಬೇವಿನ ಗಿಡಕ್ಕೆ, ಅಲ್ಲಿಂದ ಗಟಾರಕ್ಕೆ. ಯಾರಿಗೂ ನಷ್ಟವಿಲ್ಲ. ಇಡೀ ಗಲ್ಲಿಯಲ್ಲಿ ನಮ್ಮ ಕರಿಬೇವೇ ಸೊಂಪಾಗಿತ್ತು.

ಇಂಥ ಸುಖದಲ್ಲಿದ್ದ ನನಗೆ ನಳ ಒಳಗೆ ಬರಬೇಕೆಂದು ಯಾಕೆ ಅನ್ನಿಸಿತೋ ಕಾಣೆ. ಅತ್ತೆಗೆ ಅದು ಸುತಾರಾಂ ಒಪ್ಪಿಗೆ ಇರಲಿಲ್ಲ.

“ಒಲಿ ಇರೂ ಖೋಲ್ಯಾಗ ನಳಾ ಯಾಕ ಬೇಕವಾ? ಹಿತ್ತಲದಾಗ ಛಲೋನ ಐತೆಲ್ಲ.”

“ಕೊಡ ಹೊತ್ತು ಮೊಣಕಾಲ ನೋಯ್ತಾವ ಅಂತೀರಲ್ರಿ, ಅತ್ತಿ. ಇನ್ನ ಕುಂತಲ್ಲೇ ನೀರು.”

“ಕುಂತಲ್ಲೇ ನೀರ ಬಂದ್ರ ನಾ ಹಿತ್ತಲಕ ಹೋಗಿ ರಜಿಯಾನ ಕೂಡ ಮಾತಾಡೂದು ಯಾವಾಗ?”

ರಜಿಯಾ ಆಪಾ ಹಿತ್ತಲ ಗೋಡೆಯ ಆಚೆ ಮನೆಯವಳು. ಅತ್ತೆಯ ಈ ಘನವಾದ ಆಕ್ಷೇಪವನ್ನು ನಾನು ತಳ್ಳಿಹಾಕಿದೆ. ನಳ ಒಳಗೆ ಬಂತು, ಅದರ ಕೆಳಗೆ ಪುಟ್ಟ ಮೋರಿಯೂ ಆಯಿತು. ಅರಿಷಿಣ ಕುಂಕುಮ ಹಚ್ಚಿ ಪೂಜೆಯನ್ನೂ ಮಾಡಿದೆ.

ಅದಾಗಿ ಕೆಲವೇ ದಿನಕ್ಕೆ ಖಾನಾಪುರದಲ್ಲಿರುವ ನಾದಿನಿ ಸುಮಿತ್ರಾಳ ಮಗುವಿಗೆ ಜವಳ ತೆಗೆಯುವ ಕಾರ್ಯ ಬಂತು. ಮೂವರೂ ಹೊರಟೆವು. ಊರಿಗೆ ಹೊರಡುವಾಗ ನನ್ನಷ್ಟು ಎಚ್ಚರಿಕೆಯ ಹೆಂಗಸು ಇನ್ನೊಬ್ಬಳಿಲ್ಲ. ಒಲೆ ಆರಿಸಿದೆ. ಕಿಟಕಿ ಹಾಕಿದೆ. ಮೋರಿಯ ಕಿಂಡಿಯಿಂದ ಹೆಗ್ಗಣ ಬರಬಾರದೆಂದು ನಮ್ಮವರ ಹಳೆ ಬನಿಯನ್ ಮುದ್ದೆ ಮಾಡಿ ಗಟ್ಟಿಯಾಗಿ ತುರುಕಿದೆ. ಕೊನೆಗೆ ಕೈ ತೊಳೆಯೋಣವೆಂದು ನಳ ತಿರುವಿದೆ. ನೀರು ಬರಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು, ಕೆಳಗಿನ ಕೊಡ ಸರಿಯಾಗಿದೆಯೇ ಎಂದು ನೋಡಿ, ನೆಮ್ಮದಿಯಿಂದ ಕೀಲಿ ಹಾಕಿಕೊಂಡು ಹೊರಟೆ. ಇಷ್ಟು ವರ್ಷ ನಳ ತೆರೆದಿಟ್ಟೇ ರೂಢಿಯಾದ ಕೈಗೆ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ.

ಸಂಜೆಗೇ ಮರಳಬೇಕಿತ್ತು. ಸುಮಿತ್ರಾ ಬಿಡಲಿಲ್ಲ. “ಇರ್ರಿ ವೈನಿ, ಒಂದಿನಕ್ಕ ಏನ್ ಮನಿ ಓಡಿ ಹೋಗ್ತೈತೇನು?” ಎಂದಳು. ಮನೆ ಓಡಿಹೋಗುವಂಥದ್ದಲ್ಲವೆಂದು ನಾನೂ ಒಪ್ಪಿದೆ. ಅಂದು ಅಲ್ಲಿ ಸೇರಿದ್ದ ಬೀಗರು ಬಿಜ್ಜರಿಗೆಲ್ಲ ನನ್ನ ಅಡುಗೆಮನೆಯ ನಳದ ವರ್ಣನೆ ಮಾಡಿದೆ. ತಿರುವಿದರೆ ಸಾಕು, ಒಂದೇ ಸವನೆ ನೀರು ಸುರಿಯುತ್ತದೆ ಎಂದೆ. ನಾನು ಹೊಗಳುತ್ತಿದ್ದ ಹೊತ್ತಿಗೇ ಅದು ಅಲ್ಲಿ ನನ್ನ ಮಾತು ಉಳಿಸಲು ಒಂದೇ ಸವನೆ ಸುರಿಯುತ್ತಿತ್ತು.

ಮರುದಿನ ಸಂಜೆ ಬಂದು ಬಾಗಿಲು ತೆಗೆದರೆ ನನ್ನ ಚಪ್ಪಲಿಯೊಂದು ಒಳಗಿನಿಂದ ತೇಲುತ್ತಾ ಎದುರುಗೊಂಡಿತು. ಅದರ ಹಿಂದೆ ಲಟ್ಟಣಿಗೆ. ಹಳೆಗಾಲದ ಎತ್ತರದ ಹೊಸ್ತಿಲು ನೀರನ್ನೆಲ್ಲ ಜೋಪಾನವಾಗಿ ಹಿಡಿದಿಟ್ಟಿತ್ತು. ಮೋರಿಯನ್ನು ನಾನೇ ಮುಚ್ಚಿದ್ದೆ. ನುರಿತ ಎಂಜಿನಿಯರ್ ಕೂಡ ಇಷ್ಟು ಚೆಂದದ ಕೆರೆ ಕಟ್ಟುತ್ತಿರಲಿಲ್ಲ!

ಹಿತ್ತಲ ಗೋಡೆಯ ಮೇಲಿಂದ ರಜಿಯಾ ಆಪಾ ಇಣುಕಿದಳು.

“ಈಗ ಬಂದ್ರೇನ್ರಿ ಅಕ್ಕಾರ? ಹಿತ್ತಲ ಬಾಗಲದ ಸಂದ್ಯಾಗಿಂದ ನೀರ ಹರ್ಯಾಕತ್ತಿತ್ತು. ಮುಂಜಾನಿ ಗಾಡಿಗೇ ಬಂದು ಮನಿ ತೊಳ್ಯಾಕ ಹತ್ತೀರಿ ಅಂದ್ಕೊಂಡೆ. ನಿಮಗ ಸ್ವಚ್ಛದ ಹುಚ್ಚ ಭಾಳ ಅಲ್ರಿ.”

ನಾನು ಸೀರೆ ಎತ್ತಿ ಕಟ್ಟಿ, ನೀರಿನಲ್ಲಿ ನಡೆದು ಹೋಗಿ, ಇದ್ದಬದ್ದ ಸಿಟ್ಟನ್ನೆಲ್ಲ ಕೈಗೆ ತಂದುಕೊಂಡು ನಳ ತಿರುವಿದೆ. ನಳ ನಿಲ್ಲಲಿಲ್ಲ, ಕಿತ್ತು ಕೈಗೆ ಬಂತು. ನೀರು ನೇರ ಎದುರಿನ ಗೋಡೆಗೆ, ಅಲ್ಲಿಂದ ಹಿಟ್ಟಿನ ಡಬ್ಬಿಗಳಿಗೆ ಹಾರಿತು. ನಮ್ಮವರು ಪೈಪಿಗೆ ಹೆಬ್ಬೆರಳು ಒತ್ತಿ ನಿಂತರು. ರಜಿಯಾ ಆಪಾಳ ಗಂಡ ರಸ್ತೆಯ ಕಡೆ ಓಡಿ ಹೊರಗಿನ ವಾಲ್ವ್ ಹುಡುಕಿ ಮುಚ್ಚುವವರೆಗೂ ಅವರು ಹಾಗೇ ನಿಂತಿದ್ದರು. ಆ ಹೊತ್ತಿನಲ್ಲಿ ಅವರು ನನಗೆ ಏನೂ ಅನ್ನಲಿಲ್ಲ. ಬಾಯಿಗೂ ನೀರು ಹೊಡೆಯುತ್ತಿತ್ತು ಎನ್ನುವುದೂ ಅದಕ್ಕೆ ಒಂದು ಕಾರಣ.

ಅತ್ತೆ ಮಾತ್ರ ಹೊಸ್ತಿಲ ಹೊರಗೇ ನಿಂತು ಒಳಗೆ ನೋಡಿದರು. ದೇವರ ಜಗಲಿಯ ಬುಡ ಕರಗಿತ್ತು. ಅವರು ಹಳೆ ಸೀರೆಗಳನ್ನು ಕೂಡಿಸಿ ಕೈಯಾರೆ ಹೊಲಿದಿದ್ದ ಕೌದಿ ನೀರು ಕುಡಿದು ಎಮ್ಮೆಯಂತೆ ಮಲಗಿತ್ತು. ಬೈಯುತ್ತಾರೆಂದು ತಲೆ ತಗ್ಗಿಸಿ ಕಾದೆ. ಬೈಯಲಿಲ್ಲ. “ಈ ಥಂಡ್ಯಾಗ ನನ್ನ ಮೊಣಕಾಲ ತಡಿಯೂದಿಲ್ಲ. ನಾ ಸುಮಿತ್ರಾನ ಮನಿಗಿ ಹೋಗಿ ಇರ್ತೀನಿ,” ಎಂದರು, ಅಷ್ಟೇ. ಆ ರಾತ್ರಿ ರಜಿಯಾ ಆಪಾಳ ಮನೆಯಲ್ಲಿ ಮಲಗಿ, ಬೆಳಿಗ್ಗೆ ಮಗನ ಜೊತೆ ರೈಲು ಹತ್ತಿದರು.

ಅಂದಿನಿಂದ ನಮ್ಮವರು ತಾಯಿ ಮತ್ತು ಹೆಂಡತಿಯ ನಡುವಿನ ಟಪಾಲು ಆದರು. ಸಂಜೆ ಬರುವಾಗ ಅತ್ತೆ ಬಡಿದ ರೊಟ್ಟಿಯ ಗಂಟು, ಜೊತೆಗೆ ಒಂದು ಪ್ರಶ್ನೆ.

“ಜಗಲಿ ಒಣಗೇತೇನು ಅಂತ ಅವ್ವ ಕೇಳ್ಯಾಳ.”

“ಒಣಗಾಕತ್ತೈತಿ ಅಂತ ಹೇಳ್ರಿ.”

ಒಣಗುತ್ತಿರಲಿಲ್ಲ. ನೆಲಕ್ಕೆ ಹಾಸಿದ ಫರಸಿಕಲ್ಲಿನ ಕೆಳಗೆ ನೀರು ಸೇರಿಕೊಂಡು, ಕಾಲಿಟ್ಟಲ್ಲೆಲ್ಲ ಸಂದಿಯಿಂದ ಪುಚಕ್ಕನೆ ಮೇಲೆ ಬರುತ್ತಿತ್ತು. ಮೂಲೆಯ ಚೀಲದಲ್ಲಿದ್ದ ಜೋಳ ಮೊಳಕೆಯೊಡೆದು ಹಸಿರಾಗಿ ನಿಂತಿತು. “ಬಿತ್ತೂ ತ್ರಾಸ ತಪ್ಪಿತು,” ಎಂದರು ನಮ್ಮವರು. ನಾನು ಕಬ್ಬಿಣದ ಶೇಗಡಿ ತುಂಬ ಇದ್ದಿಲು ಹೊತ್ತಿಸಿ ಗೋಡೆಯ ಬುಡಕ್ಕೆ ಇಟ್ಟು, ಕಾವು ಹೊರಗೆ ಹೋಗಬಾರದೆಂದು ಕಿಟಕಿ ಮುಚ್ಚಿ ಹಿತ್ತಲಿಗೆ ಬಂದೆ. ಹಸಿ ಇದ್ದಿಲು! ಹೊಗೆ ಹಂಚಿನ ಸಂದಿಯಿಂದ ಮೇಲೆದ್ದಿತು. ರಜಿಯಾ ಆಪಾ ಎರಡೂ ಕೈಯಲ್ಲಿ ಬಕೀಟು ಹಿಡಿದು ಓಡಿಬಂದು, ನಾನು ಬ್ಯಾಡ ಬ್ಯಾಡ ಅನ್ನುವಷ್ಟರಲ್ಲಿ, ಇಡೀ ಮನೆಯಲ್ಲಿ ಒಣಗಿದ್ದ ಒಂದೇ ಒಂದು ಮೂಲೆಗೆ ನೀರು ಸುರಿದಳು.

“ಸಕಾಲಕ್ಕ ಬಂದೆ ನೋಡ್ರಿ,” ಎಂದಳು. ಉಪಕಾರ ಮಾಡಿದವಳಿಗೆ ಚಹಾ ಕೊಡದೆ ಇರಲಾದೀತೆ? ಅವಳ ಮನೆಗೇ ಹೋಗಿ, ಅವಳ ಒಲೆಯ ಮೇಲೆ ಮಾಡಿ ಕೊಟ್ಟೆ.

ಇತ್ತ ಸುಮಿತ್ರಾಳಿಂದ ಸುದ್ದಿ ಬಂತು. ಅವ್ವ ಇಲ್ಲಿ ಆರಾಮ ಇದ್ದಾಳೆ, ಯುಗಾದಿಯವರೆಗೂ ಇರಲಿ, ಆಮೇಲೂ ಇದ್ದರೆ ಬೇಡ ಅನ್ನುವವರಾರು ಎಂದು. ತಡಮಾಡಿದರೆ ಅತ್ತೆ ಕೈತಪ್ಪಿ ಹೋದಂತೆಯೇ! ಅವಸರ ಅವಸರವಾಗಿ ಗೋಣಿಚೀಲ ಹಾಸಿ, ಮೇಲೆ ಜಮಖಾನೆ ಹಾಸಿ, ಊದುಬತ್ತಿ ಹಚ್ಚಿ ಹೇಳಿ ಕಳಿಸಿದೆ: “ಮನಿ ಎಲ್ಲಾ ಒಣಗೇತಿ ಅಂತ ಹೇಳ್ರಿ.”

ರವಿವಾರ ಅತ್ತೆ ಬಂದರು. ಜಮಖಾನೆಯ ಮೇಲೆ ಬರಿಗಾಲಿಟ್ಟರು. ಒಂದು ಕ್ಷಣ ನಿಂತರು. ತಮ್ಮ ಜಾಗಕ್ಕೆ ಹೋಗಿ ಒಲೆ ಮುಂದೆ ಕುಳಿತರು. ಕೆಳಗಿನ ಗೋಣಿಚೀಲ ಪಚಕ್ ಎಂದಿತು.

“ಯವ್ವಾ, ಇದು ಮನಿಯೋ, ಖಾನಾಪುರದ ಭತ್ತದ ಗದ್ದಿಯೋ?”

ಮಧ್ಯಾಹ್ನದ ಬಸ್ಸಿಗೆ ಹೊರಟೇಹೋದರು. ಹಿಂದೆ ತೇವವಾಗಿದ್ದ ಅವರ ಸೀರೆ ನೋಡಿ ನನಗೆ ಭೂಮಿಗಿಳಿದು ಹೋಗುವಷ್ಟು ನಾಚಿಕೆಯಾಯಿತು.

ಆಮೇಲೆ ಜಾಣತನ ಬಿಟ್ಟು ಎಲ್ಲರೂ ಮಾಡುವುದನ್ನೇ ಮಾಡಿದೆ. ಕಿಟಕಿ ಬಾಗಿಲು ತೆಗೆದಿಟ್ಟೆ. ಫರಸಿ ಕೀಳಿಸಿ ಕೆಳಗಿನ ಮಣ್ಣು ಆರಲು ಬಿಟ್ಟೆ. ಕೌದಿಯನ್ನು ರಜಿಯಾ ಆಪಾಳ ಮಾಳಿಗೆ ಮೇಲೆ ಹಾಕಿ, ಶಾಲೆಗೆ ಹೋಗುವಾಗ ಒಂದು ಮಗ್ಗುಲು, ಬಂದ ಮೇಲೆ ಇನ್ನೊಂದು ಮಗ್ಗುಲು ತಿರುವಿದೆ. ಹೊಸ ನಳ ಬಂತು. ಒಂದು ದಿನ ನಮ್ಮ ಒಲೆಯ ಮೇಲೆ ನಮ್ಮದೇ ಚಹಾ ಕುದಿಯಿತು. ಹಬ್ಬದೂಟ ಉಂಡಷ್ಟು ಸಂತೋಷವಾಯಿತು. ಜಗಲಿಗೆ ಹೊಸ ಗಿಲಾವು ಆಗಿ ದೀಪ ಹತ್ತಿತು. ಹಾಲಿನವನಿಗೆ ಮೊದಲಿನಂತೆ ಹಾಲು ಹಾಕಲು ಹೇಳಿದೆ. ಮನೆ ಅಂಬೆಗಾಲಿಟ್ಟುಕೊಂಡು ಮನೆಯಾಗುತ್ತಿತ್ತು.

ರೊಟ್ಟಿ ಮಾತ್ರ ಆಗಲಿಲ್ಲ. ನಾನು ಬಡಿದ ರೊಟ್ಟಿಯನ್ನು ತಟ್ಟೆಗೆ ಹಾಕಿದರೆ, ಎಲ್ಲಿಂದ ಶುರು ಮಾಡಬೇಕೆಂದು ನಮ್ಮವರು ಅದರ ಸುತ್ತ ಒಮ್ಮೆ ನೋಡುತ್ತಿದ್ದರು. ಬೆಳಗಿನ ಜಗಳಕ್ಕೂ ಜೊತೆಯಿಲ್ಲ. ಅವರೊಡನೆಯೇ ಆಡಿ ನೋಡಿದೆ. “ಆತು ಬಿಡು, ನಂದ ತಪ್ಪು,” ಎಂದುಬಿಟ್ಟರು. ಇಂಥವರ ಜೊತೆ ಹೆಂಗಸಾದವಳು ಹೇಗೆ ಬಾಳಬೇಕು?

ಒಂದು ಬೆಳಿಗ್ಗೆ ಅವರ ಡಬ್ಬಿಗೆ ನನ್ನ ರೊಟ್ಟಿಯನ್ನು ಮಡಚಿ ತುಂಬಲು ಹೋದೆ. ಅದು ಮಡಚಲಿಲ್ಲ, ಮುರಿಯಿತು. ನನಗೆ ಅಳು ಬಂತು. ಅತ್ತೆ ಇಲ್ಲದ ಮನೆ ನನಗೆ ಬೇಡವಾಗಿತ್ತು, ಅದನ್ನು ಇನ್ನು ಮುಚ್ಚಿಡಲು ಆಗಲಿಲ್ಲ.

“ಹೇಳ್ರಿ ಅತ್ತಿಗಿ. ನೆಲಾ ಇನ್ನೂ ಪೂರಾ ಒಣಗಿಲ್ಲ. ನನಗ ರೊಟ್ಟಿ ಬರೂದಿಲ್ಲ. ನೀವ ಇಲ್ದ ಭಾಳ ಬ್ಯಾಸರ ಆಗೇತಿ, ಬರ್ರಿ ಅಂತ ಹೇಳ್ರಿ.”

“ಇಷ್ಟೂ ಹೇಳ್ಲೇನು?”

“ಅತ್ತದ್ದೊಂದ ಬಿಟ್ಟು ಉಳದದ್ದೆಲ್ಲಾ ಹೇಳ್ರಿ.”

ಅವರು ಅದನ್ನೇ ಮೊದಲು ಹೇಳಿರಬೇಕು. ಅಂದು ಸಂಜೆಯ ರೈಲಿಗೇ ಅತ್ತೆ ಬಂದಿಳಿದರು, ಕಂಕುಳಲ್ಲಿ ಬಟ್ಟೆಗಂಟು.

“ನೆಲಾ ಹಸಿ ಐತ್ರಿ, ಅತ್ತಿ,” ಎಂದೆ.

“ಮಣಿ ಮ್ಯಾಲ ಕುಂದರ್ತೀನಿ ತಗೋ. ಒಣಗೇತಿ, ಒಣಗಾಕತ್ತೈತಿ ಅಂತ ದಿನಾ ಹೇಳಿ ಕಳಸಿದಿ. ಬರ್ರಿ ಅಂತ ಒಂದಿನಾರ ಹೇಳಿದೇನು? ಕರೀಲಾರದ ಹೆಂಗ ಬರ್ಲಿ ನಾ?”

ಒಣಗಿದ್ದ ಕೌದಿಯನ್ನು ತಂದು ಅವರ ಹೆಗಲಿಗೆ ಹೊದಿಸಿದೆ. ಅದನ್ನು ಮೂಸಿ ನೋಡಿ, “ಹೊಗಿ ವಾಸನಿ ಐತಿ,” ಎಂದರು. ಆದರೂ ತೆಗೆಯಲಿಲ್ಲ.

ಮರುದಿನ ನಸುಕಿನಲ್ಲಿ ಪಟಪಟ ರೊಟ್ಟಿಯ ಸಪ್ಪಳಕ್ಕೆ ಎಚ್ಚರವಾಯಿತು. ಹಾಸಿಗೆಯಲ್ಲೇ ಸ್ವಲ್ಪ ಹೊತ್ತು ಕೇಳುತ್ತ ಮಲಗಿದೆ. ಆಮೇಲೆ ಎದ್ದು ಪಲ್ಯ ಮಾಡಿದೆ. ಅತ್ತೆ ರುಚಿ ನೋಡಿ, ಉಪ್ಪು ಹೆಚ್ಚಾಗಿದೆ ಎಂದರು. ಇಲ್ಲ ಎಂದೆ. ಐತಿ ಎಂದರು. ನಮ್ಮವರು ಡಬ್ಬಿ ಎತ್ತಿಕೊಂಡು ನಗುತ್ತಾ ಸ್ಟೇಷನ್ ದಾರಿ ಹಿಡಿದರು.

ಯುಗಾದಿಗೆ ಸುಮಿತ್ರಾ ಎಲ್ಲರನ್ನೂ ಕರೆದಳು. ನಮ್ಮವರು ಬೆಳಗಿನ ರೈಲಿಗೆ ಮುಂದೆ ಹೋದರು. ಅತ್ತೆ ಸೊಸೆ ಮುಂದಿನ ಗಾಡಿಗೆಂದು ಹೊರಟೆವು. ಈ ಸಲ ಎಂಥ ಎಚ್ಚರಿಕೆ! ನಾನು ನಳ ಬಂದ್ ಮಾಡಿದೆ. ಅತ್ತೆ ಹೋಗಿ ತಿರುವಿ ನೋಡಿದರು. ಅವರು ಸರಿಯಾಗಿ ಮುಚ್ಚಿದರೋ ಇಲ್ಲವೋ ಎಂದು ನಾನು ಮತ್ತೆ ನೋಡಿದೆ. ಮೋರಿಯ ಕಿಂಡಿ ಬಿಚ್ಚಿದೆಯೇ ಎಂದು ಇಬ್ಬರೂ ಬಗ್ಗಿ ಕೈ ಹಾಕಿ ಖಾತ್ರಿ ಮಾಡಿಕೊಂಡೆವು. ಜಗತ್ತನ್ನೇ ಗೆದ್ದವರಂತೆ ಸ್ಟೇಷನ್ನಿಗೆ ನಡೆದು, ಟಿಕೀಟು ತೆಗೆಸಿ, ಬಾಕಿನ ಮೇಲೆ ಕುಳಿತೆವು. ಚಿಲ್ಲರೆ ಒಳಗಿಡಲು ಚೀಲ ತೆರೆದೆ. ಅದರಲ್ಲಿ ಮನೆಯ ಕೀಲಿಕೈ ಇತ್ತು. ಪಕ್ಕದಲ್ಲಿ, ಬಾಗಿಲಿಗೆ ಹಾಕಬೇಕಿದ್ದ ಕೀಲಿಯೂ ಇತ್ತು.

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ನನ್ನ ಮುಖ ನೋಡಿದರು. ಗಾಡಿ ಬರುವ ಗಂಟೆ ಹೊಡೆಯುತ್ತಿರುವಾಗಲೇ ನಾವು ಟಾಂಗಾ ಹತ್ತಿ ಮನೆ ಕಡೆ ತಿರುಗಿದೆವು.

ಹಾರುಹೊಡೆದ ಬಾಗಿಲ ಹೊಸ್ತಿಲ ಮೇಲೆ ರಜಿಯಾ ಆಪಾ ಕುಳಿತು ಅಕ್ಕಿ ಆರಿಸುತ್ತ ಮನೆ ಕಾಯುತ್ತಿದ್ದಳು. “ಬಾಗಲಾ ತೆರದಿತ್ತು. ಮತ್ತ ಮನಿ ತೊಳ್ಯಾಕ ಹತ್ತೀರೇನೋ ಅಂದ್ಕೊಂಡು ಬಂದೆ,” ಎಂದಳು.

ಕಳ್ಳರು ಬಂದಿದ್ದರೇ, ಏನಾದರೂ ಹೋಯಿತೇ ಎಂದು ನಾವು ಕೇಳಲಿಲ್ಲ. ಟಾಂಗಾದಿಂದ ಇಳಿಯುವ ಮೊದಲೇ ಅತ್ತೆ, ನಾನು ಇಬ್ಬರೂ ಒಂದೇ ದನಿಯಲ್ಲಿ ಕೇಳಿದ್ದು ಒಂದೇ ಮಾತು.

“ನಳಾ ಬಂದ್ ಐತೇನು?”

ಅದೊಂದು ಮಾತ್ರ ಭದ್ರವಾಗಿ ಬಂದ್ ಆಗಿತ್ತು.