ವೀರಭದ್ರಯ್ಯನವರ ಒಂಟಿ ಸೀನು

ತಿಪಟೂರು ಸೀಮೆಯಲ್ಲಿ ವೀರಭದ್ರಯ್ಯನವರ ತೆಂಗಿನ ತೋಟಕ್ಕಿಂತ ಅವರ ಸೀನಿಗೇ ಹೆಸರು ಹೆಚ್ಚು. ಅದು ಸಾಮಾನ್ಯರ ಸೀನಲ್ಲ. ಮೊದಲು ಮೂಗಿನ ಹೊಳ್ಳೆಗಳು ಅರಳುತ್ತವೆ, ಹುಬ್ಬುಗಳು ಮೇಲೇರುತ್ತವೆ, ಕೈಯಲ್ಲಿದ್ದ ಕಾಫಿ ಲೋಟವನ್ನು ಪಕ್ಕದವರು ತಾವಾಗಿಯೇ ಈಸಿಕೊಳ್ಳುತ್ತಾರೆ. ಆಮೇಲಿನ ಮಹಾಸ್ಫೋಟಕ್ಕೆ ಸೂರಿನ ಪಾರಿವಾಳ ಹಾರಿ ಎದುರುಮನೆ ಸೇರುತ್ತದೆ.

ಸದ್ದನ್ನು ಊರವರು ಸಹಿಸಿಕೊಂಡಿದ್ದರು. ತಕರಾರಿದ್ದದ್ದು ಲೆಕ್ಕದ ಮೇಲೆ. ಒಳ್ಳೆಯ ಕೆಲಸದ ಹೊತ್ತಿನಲ್ಲಿ ಎರಡು ಸೀನು ಬಂದರೆ ಶುಭ, ಒಂದೇ ಬಂದರೆ ಅಪಶಕುನ. ವೀರಭದ್ರಯ್ಯ ಹುಟ್ಟಿದಾಗಿನಿಂದ ಒಂಟಿ ಸೀನಿನವರು. (ಸೀನಿನ ಕಾಯಿಲೆಯವರು ಸಾಲಾಗಿ ಸೀನುತ್ತಾರಂತೆ. ಇವರದು ಚಿಲ್ಲರೆ ಇಲ್ಲ, ಸಗಟು ವ್ಯಾಪಾರ ಮಾತ್ರ.) ಅವರ ಸೀನಿಗೆ ಹೆದರಿ ಭಾವಮೈದುನ ಬೈಕು ಕೊಳ್ಳುವುದನ್ನು ಬಿಟ್ಟಿದ್ದ. ಹೋದ ವರ್ಷ ಮಗಳು ಯೋಗಿತಾಳನ್ನು ಒಪ್ಪಿ ಬಂದಿದ್ದ ಕಂದಿಕೆರೆಯವರು, ವೀಳ್ಯದ ತಟ್ಟೆ ಬದಲಾಯಿಸುವ ಹೊತ್ತಿಗೆ ಸರಿಯಾಗಿ ಆ ಸಿಡಿಲು ಬಡಿದದ್ದರಿಂದ, ಚಾಚಿದ ಕೈಯನ್ನು ಹಾಗೇ ಒಬ್ಬಟ್ಟಿನ ಕಡೆ ತಿರುಗಿಸಿ, ಊಟ ಮುಗಿಸಿ ಎದ್ದು ಹೋಗಿದ್ದರು.

ಆಗ ಯೋಗಿತಾ ಅಪ್ಪನಿಗೆ ಗುಟ್ಟಾಗಿ ಥ್ಯಾಂಕ್ಸ್ ಹೇಳಿದ್ದಳು. ಈ ಸಲ ಹಾಗಲ್ಲ. ದಬ್ಬೇಘಟ್ಟದ ಜ್ಞಾನೇಶ್, ತುಮಕೂರಿನಲ್ಲಿ ಅವಳು ನರ್ಸಾಗಿರುವ ಆಸ್ಪತ್ರೆಯಲ್ಲೇ ಲ್ಯಾಬಿನಲ್ಲಿದ್ದವನು, ಅವಳೇ ಒಪ್ಪಿಕೊಂಡ ಹುಡುಗ. ನಿಶ್ಚಿತಾರ್ಥಕ್ಕೆ ವಾರ ಮುಂಚೆ ರಜೆ ಹಾಕಿ ಬಂದವಳು ಅಪ್ಪನನ್ನು ಕೂರಿಸಿಕೊಂಡಳು.

"ಇದು ಅಲರ್ಜಿ ಅಪ್ಪಾಜಿ. ಮೈಯೊಳಗೆ ರೋಗ ನುಗ್ಗದಂಗೆ ಕಾಯೋ ಪಡೆ ಒಂದಿರುತ್ತೆ. ನಿಮ್ಮದು ವಿಪರೀತ ಚುರುಕು. ಬಡಪಾಯಿ ಧೂಳು ಬಂದ್ರೂ ಶತ್ರು ಬಂದ ಅಂತ ತೋಪು ಹಾರಿಸುತ್ತೆ."

"ಹಂಗಾರೆ ನನ್ನ ಮೈಯಲ್ಲಿ ಶಕ್ತಿ ಕಮ್ಮಿ ಅಲ್ಲ, ಜಾಸ್ತಿ ಅನ್ನು," ಎಂದು ವೀರಭದ್ರಯ್ಯ ಮೀಸೆ ಮುಟ್ಟಿಕೊಂಡರು.

"ನಮ್ಮ ನಾಯಿನೂ ಹಂಗೇ ಕಣ್ರೀ," ಎಂದು ಹೆಂಡತಿ ದ್ರಾಕ್ಷಾಯಣಮ್ಮ ಅಡುಗೆಮನೆಯಿಂದಲೇ ಹೇಳಿದರು. "ಕಳ್ಳ ಬಂದಾಗ ಗೊರಕೆ ಹೊಡೀತದೆ, ಪೋಸ್ಟಿನವನು ಬಂದ್ರೆ ಮೇಲೆ ಬೀಳ್ತದೆ. ಅದನ್ನ ಯಾರೂ ಪೈಲ್ವಾನ್ ಅಂದಿಲ್ಲ."

"ನಂಗೇನಾಗಿದೆಯೇ? ಜ್ವರ ಇಲ್ಲ, ನೋವಿಲ್ಲ."

"ರೋಗ ಇಲ್ಲ ಅಂದ ಮಾತ್ರಕ್ಕೆ ಆರೋಗ್ಯ ಅಲ್ಲ ಅಪ್ಪಾಜಿ. ಮೈ ಚೆನ್ನಾಗಿರಬೇಕು, ಮನಸ್ಸು ಚೆನ್ನಾಗಿರಬೇಕು, ನಾಲ್ಕು ಜನದ ಜೊತೆ ಬಾಳೋದೂ ಚೆನ್ನಾಗಿರಬೇಕು. ನಮಗೆ ಮೊದಲನೇ ವರ್ಷದಲ್ಲೇ ಕಲಿಸ್ತಾರೆ."

"ಮೂರನೇ ಪೇಪರಲ್ಲಿ ಫೇಲು," ಎಂದು ಒಳಗಿನಿಂದ ಫಲಿತಾಂಶ ಬಂತು.

ಬಂದ ಮೇಲೆ ಒದ್ದಾಡುವುದಕ್ಕಿಂತ ಕಾರಣವನ್ನೇ ದೂರ ಇಡಬೇಕು ಎಂದು ಯೋಗಿತಾ ತನಿಖೆಗಿಳಿದಳು. ಹೆಚ್ಚು ಹುಡುಕಬೇಕಾಗಲಿಲ್ಲ. ತಲೆಯ ಮೇಲೆ ಅಟ್ಟ; ಅಟ್ಟದ ತುಂಬ ಕಾಯಿ. ನೀರು ಆರಿ, ಒಳಗಿನ ಕೊಬ್ಬರಿ ಉಂಡೆಯಾಗಿ ಲೊಟಲೊಟ ಎನ್ನುವವರೆಗೆ ವರ್ಷವಿಡೀ ಅಲ್ಲೇ ಮಲಗುವ ಕಾಯಿ. ಹಲಗೆಯ ಸಂದಿನಿಂದ ಧೂಳು ಯಜಮಾನರ ಹಾಸಿಗೆಯ ಮೇಲೆ ಸಣ್ಣಗೆ ಉದುರುತ್ತಿತ್ತು.

"ಕಾಯಿ ಇಳಿಸಬೇಕು," ಎಂದಳು ಮಗಳು.

ದ್ರಾಕ್ಷಾಯಣಮ್ಮ ಸೌಟು ಹಿಡಿದು ಹೊರಗೆ ಬಂದರು. "ಹದ ಬರದೆ ಇರೋ ಕಾಯಿ ಇಳಿಸೋದುಂಟಾ? ಮುಗ್ಗಿ ಹೋಗ್ತವೆ." ಗಂಡನನ್ನು ಒಮ್ಮೆ, ಅಟ್ಟವನ್ನು ಒಮ್ಮೆ ನೋಡಿ ತೂಗಿದರು. "ಇವರನ್ನೇ ಸಾಗಿಸು. ಇವರೇನು ಮುಗ್ಗಲ್ಲ."

ಹೀಗೆ ಆ ಮನೆಯ ಒಡೆಯರು ಕಾಯಿಗಳಿಗೆ ಜಾಗ ಬಿಟ್ಟುಕೊಟ್ಟು, ಚಾಪೆ ದಿಂಬಿನೊಡನೆ ತೋಟದ ಪಂಪ್‌ಸೆಟ್ ಮನೆಗೆ ವನವಾಸ ಹೊರಟರು. ಜೊತೆಗೆ ಡಾಕ್ಟರು ಬರೆದುಕೊಟ್ಟ ಮಾತ್ರೆ, ದಿನಕ್ಕೊಂದು. ಊಟದ ಡಬ್ಬಿ ತರುವ ನೆಪದಲ್ಲಿ ದ್ರಾಕ್ಷಾಯಣಮ್ಮ ದಿನಾ ಬಂದು ಒಂದು ಗಂಟೆ ಕೂತು ಬೈದು ಹೋಗುತ್ತಿದ್ದರು. ಮನೆಯಲ್ಲಿ ಬೈಯಲು ಬೇರೆ ಯಾರಿದ್ದರು, ಪಾಪ. ನಿಶ್ಚಿತಾರ್ಥದ ದಿನದ ಹೊತ್ತಿಗೆ ವೀರಭದ್ರಯ್ಯನವರ ಮೂಗು ಬೇಸಿಗೆಯ ಕೆರೆಯಂತೆ ಒಣಗಿ ಶಾಂತವಾಗಿತ್ತು.

ದಬ್ಬೇಘಟ್ಟದವರು ಬಂದರು. ಹುಡುಗನ ಅಪ್ಪ ಅಣ್ಣಯ್ಯ, ಮಾತು ಕಡಿಮೆಯ ಸಾಧು. ಮಾತೆಲ್ಲ ಅವರ ತಾಯಿಯದು. ಆ ಅಜ್ಜಿಗೆ ಕಣ್ಣು ಮಂಜಾದರೂ ಕಿವಿಗೆ ಇನ್ನೂ ಪ್ರಾಯ. ಅಟ್ಟದ ಕೆಳಗಿನ ನಡುಮನೆಯಲ್ಲಿ ಜಮಖಾನ ಹಾಸಿತ್ತು. ಬೀಗರಿಬ್ಬರೂ ತಟ್ಟೆ ಎತ್ತಿಕೊಂಡರು. ಯೋಗಿತಾ ಅಪ್ಪನ ಮೂಗನ್ನೇ ನೋಡುತ್ತಿದ್ದಳು. ಮೂಗು ಅಲ್ಲಾಡಲಿಲ್ಲ.

ಸೀನಿದ್ದು ಅಣ್ಣಯ್ಯ. ಒಂದೇ ಒಂದು.

"ತಟ್ಟೆ ಇಳ್ಸಿ," ಎಂದರು ಅಜ್ಜಿ. "ಒಂಟಿ ಸೀನು. ಇನ್ನೊಂದು ಬರೋಗಂಟ ಶಾಸ್ತ್ರ ಇಲ್ಲ."

ಅಣ್ಣಯ್ಯ ಬಿಸಿಲು ನೋಡಿದರು, ಮೂಗು ಉಜ್ಜಿಕೊಂಡರು, ಬರಲಿಲ್ಲ. ಯಾರದಾದರೂ ಆದೀತು ಎಂದು ಅಜ್ಜಿ ರಿಯಾಯಿತಿ ಕೊಟ್ಟದ್ದೇ ತಡ, ಮನೆಯ ಕಣ್ಣುಗಳೆಲ್ಲ ವೀರಭದ್ರಯ್ಯನವರ ಮೇಲೆ ನೆಟ್ಟವು. ಜನ್ಮವೆಲ್ಲ ಬೈಗುಳ ತಿಂದ ಮೂಗಿಗೆ ಇಂಥ ಗೌರವ ಹಿಂದೆಂದೂ ಸಿಕ್ಕಿರಲಿಲ್ಲ.

"ಸೀನ್ರೀ," ಎಂದರು ದ್ರಾಕ್ಷಾಯಣಮ್ಮ ಮೆಲ್ಲಗೆ.

"ಬತ್ತಾ ಇಲ್ಲ ಕಣೇ."

ಅಜ್ಜಿಯ ನಸ್ಯ ಬಂತು, ಮೆಣಸಿನಪುಡಿ ಬಂತು. ಕಣ್ಣಲ್ಲಿ ನೀರು ಬಂತೇ ಹೊರತು ಸೀನು ಬರಲಿಲ್ಲ. ಕಡೆಗೆ ಏಣಿ ಹಾಕಿ, ರೇಷ್ಮೆ ಪಂಚೆ ಶಲ್ಯದ ಸಮೇತ ಅವರನ್ನು ಅಟ್ಟಕ್ಕೇ ಹತ್ತಿಸಿದರು. ಮೇಲೆ ಕಾಯಿಗಳ ನಡುವೆ ಕೂತು ವೀರಭದ್ರಯ್ಯ ಧೂಳನ್ನು ಎರಡೂ ಕೈಯಲ್ಲಿ ಬಾಚಿ ಮೂಸಿದರು. ಊಹೂಂ. ಕೆಳಗಿನಿಂದ ಯೋಗಿತಾಳ ಅಳು ನುಂಗಿದ ದನಿ ಕೇಳಿತು: "ಅಪ್ಪಾಜಿ, ಏನಾದ್ರೂ ಮಾಡಿ."

ಮಗಳ ಬಾಳಿಗಿಂತ ಸತ್ಯ ದೊಡ್ಡದಲ್ಲವೆಂದು ನಿರ್ಧರಿಸಿ, ವೀರಭದ್ರಯ್ಯ ಕಣ್ಣು ಮುಚ್ಚಿ ಬಾಯಿ ತೆರೆದರು. "ಆಕ್ಷಿ."

"ಇದು ಸೀನಾ?" ಎಂದರು ಅಜ್ಜಿ. "ಮಗ್ಗಿ ಒಪ್ಪಿಸಿದಂಗೆ ಕೇಳ್ತು."

ಗಂಡನ ಪರವಾಗಿ ನಾಲ್ಕು ಜನರೆದುರು ಒಂದು ಮಾತಾಡಿ ಗೊತ್ತಿಲ್ಲದ ದ್ರಾಕ್ಷಾಯಣಮ್ಮ ಸೆರಗು ಸರಿಮಾಡಿಕೊಂಡರು. "ಅವರು ಸೀನೋದೇ ಹಂಗೆ ಅಜ್ಜಿ. ಮದುವೆಯಾದಾಗಿಂದ ಕೇಳ್ತಾ ಇದೀನಿ. ಭಾಳ ಮೆತ್ತಗಿನ ಮನುಷ್ಯ."

ಅಟ್ಟದ ಮೇಲೆ ಮೆತ್ತಗಿನ ಮನುಷ್ಯರು ಶಲ್ಯದ ತುದಿಯಲ್ಲಿ ಕಣ್ಣೊರೆಸಿಕೊಂಡರು. ಈ ಸಲ ಧೂಳಿನ ತಪ್ಪಿರಲಿಲ್ಲ.

ಅಜ್ಜಿ ಒಪ್ಪಿದರು. ವೀರಭದ್ರಯ್ಯ ಜೇಡರ ಬಲೆ ತೊಟ್ಟು ಇಳಿದು ಬಂದು ಕೂತರು. ತಟ್ಟೆ ಎತ್ತಿ ಅಣ್ಣಯ್ಯನವರ ಕಡೆ ಚಾಚಿದರು. ಅತ್ತ ಅವರ ಬೆರಳು ತಗುಲಿತ್ತು, ಇತ್ತ ಇವರ ಕೈ ಬಿಟ್ಟಿರಲಿಲ್ಲ. ಅದೇ ಹೊತ್ತಿಗೆ ಒಳಗಿನ ಪಡೆಗೆ ಎಚ್ಚರವಾಯಿತು. ನಸ್ಯ, ಮೆಣಸಿನಪುಡಿ, ಅಟ್ಟದ ಧೂಳು ಮೂರನ್ನೂ ಒಟ್ಟಿಗೆ ಕಂಡ ಅದು ಮಾತ್ರೆಗೆ ಕ್ಯಾರೇ ಎನ್ನಲಿಲ್ಲ. ಹೊಳ್ಳೆ ಅರಳಿದವು, ಹುಬ್ಬು ಏರಿತು. ಆ ಸದ್ದಿಗೆ ಅಟ್ಟದ ಕಾಯಿಗಳು ಉರುಳಾಡಿದವು. ತಟ್ಟೆಯ ಅಕ್ಷತೆಯೆಲ್ಲ ಅಣ್ಣಯ್ಯನವರ ತಲೆಗೇ ಬಿತ್ತು.

"ಏನವ್ವ ಅದು?" ಎಂದರು ಅಜ್ಜಿ ಎದೆ ಹಿಡಿದು. "ಸೀನಾ?"

"ಹಾಳು ಕೆಮ್ಮು ಅಜ್ಜಿ," ಎಂದರು ದ್ರಾಕ್ಷಾಯಣಮ್ಮ, ಕಣ್ಣು ಮಿಟುಕಿಸದೆ. "ಅವರ ಸೀನು ಹೆಂಗಿರ್ತದೆ ಅಂತ ಈಗ ತಾನೇ ನೀವೇ ಕೇಳಿದ್ರಲ್ಲ."

ಅಜ್ಜಿ ಯೋಚಿಸಿದರು. ತರ್ಕದಲ್ಲಿ ಎಲ್ಲೂ ಬಿರುಕಿರಲಿಲ್ಲ. "ಹೌದು ಕಣವ್ವ. ಇಂಥ ಕೆಮ್ಮು ನಮ್ಮ ಕಡೆ ಕೇಳಿರ್ಲಿಲ್ಲ. ತಟ್ಟೆ ಈಸ್ಕೊ ಅಣ್ಣಯ್ಯ. ಬೀಗರಿಗೆ ನಾನು ಕಷಾಯ ಕಾಸಿ ಕಳುಸ್ತೀನಿ."

ಅಜ್ಜಿ ಮಾತಿಗೆ ತಪ್ಪುವವರಲ್ಲ. ಅಂದಿನಿಂದ ದಬ್ಬೇಘಟ್ಟದ ಬಸ್ಸಿನಲ್ಲಿ ವಾರವಾರವೂ ಬಾಟಲಿ ಬಂದಿಳಿಯುತ್ತದೆ. ಅದರ ಕಹಿಗೆ ಬೇವು ನಾಚಬೇಕು. ಬೀಗರ ಮನೆಯದನ್ನು ಚೆಲ್ಲುವಂತಿಲ್ಲ. ದ್ರಾಕ್ಷಾಯಣಮ್ಮ ಬೆಳಿಗ್ಗೆ ಬೆಳಿಗ್ಗೆ ಲೋಟ ತುಂಬಿ ಗಂಡನ ಮುಂದೆ ನಿಲ್ಲುತ್ತಾರೆ.

"ಲೇ, ನಂಗೆ ಕೆಮ್ಮೇ ಇಲ್ಲವಲ್ಲೇ," ಎಂದರು ವೀರಭದ್ರಯ್ಯ ಮೊನ್ನೆ, ಮುಖ ಹಿಂಡಿಕೊಂಡು.

"ನೋಡಿದ್ರಾ, ಕಷಾಯ ಎಷ್ಟು ಬೇಗ ಹಿಡೀತು," ಎಂದು ದ್ರಾಕ್ಷಾಯಣಮ್ಮ ಇನ್ನರ್ಧ ಲೋಟ ಬಗ್ಗಿಸಿದರು.