ಕಾವಿ ಒಣಗುವ ತನಕ

ಗಂಗಾರಾಮನ ಎಡ ಹಣೆಯ ಮೇಲೆ ಎದ್ದ ಎಂಟು ಗುಳ್ಳೆಗಳಿಗೆ ದಿಗ್ಗೇವಾಡಿಯಲ್ಲಿ ಎಂಬತ್ತು ಡಾಕ್ಟರರು ಹುಟ್ಟಿಕೊಂಡರು. ನಿಜ ಹೇಳಿದವಳು ಆಶಾ ಕಾರ್ಯಕರ್ತೆ ಶೇವಂತಾ ಒಬ್ಬಳೇ. ಅದಕ್ಕೇ ಅವಳ ಮಾತನ್ನು ಯಾರೂ ಕೇಳಲಿಲ್ಲ.

“ಸಣ್ಣಾವಿದ್ದಾಗ ನಿನಗ ಅಮ್ಮ ಬಂದಿದ್ಲಲ್ಲೋ ಅಣ್ಣಾ, ಆ ವೈರಸ್ ಹೋಗಿಲ್ಲ. ನರದ ಬುಡದಾಗ ಮಕ್ಕೊಂಡಿತ್ತ. ಮಕ್ಕೊಂಡಾಗೂ ಅದರ ಒಂದೆರಡ ಜೀನ್ ಎಚ್ಚರ ಇರ್ತಾವಂತ, ಗೋಡೌನ್ ಕಾಯೂ ವಾಚಮನ್ ಇದ್ದಂಗ. ಈಗ ಇಡೀ ಗ್ಯಾಂಗ್ ಎದ್ದೈತಿ. ಮೂರ ದಿನದೊಳಗ ಗುಳಿಗಿ ಚಾಲೂ ಆಗಬೇಕ. ಇಲ್ಲಂದ್ರ ಕಣ್ಣಿಗೆ ಕುತ್ತ.”

ಇವತ್ತು ಸಂಜೆಗೆ ಮೂರು ದಿನ. ಗಂಗಾರಾಮ ಕಬ್ಬಿನ ಟ್ರ್ಯಾಕ್ಟರ್ ಓಡಿಸುವವನು. ಒಕ್ಕಣ್ಣನ ಕೈಗೆ ಎರಡು ಟ್ರೇಲರ್ ಕೊಡುವ ಮಾಲಕ ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.

ರಾಯಬಾಗದ ಸುಧೀರ ಡಾಕ್ಟರರ ಕಡೆ ಹೋಗಲು ಬೈಕು ಹೊರತೆಗೆದ. ಎಡಗಣ್ಣು ಬಾತು ಮುಚ್ಚಿತ್ತು. ಪಕ್ಕದ ಮನೆಯ ಲಗಮಪ್ಪ ಬಂದು ಕೀಲಿ ಕಸಿದುಕೊಂಡ.

“ಕುರುಡಗಣ್ಣಲೇ ಯಾರನ್ನ ಕೊಲ್ಲಾಂವ? ನಾ ಹೊಡೀತೀನಿ, ಹತ್ತ.”

ಲಗಮಪ್ಪನ ತಾಯಿ ಕಾಳವ್ವನೂ ಹಿಂದೆ ಹತ್ತಿ, ನಡುವೆ ಸಿಕ್ಕ ಗಂಗಾರಾಮನ ಮುಖಕ್ಕೆ ಸೆರಗು ಮುಚ್ಚಿದಳು. “ಗಾಳಿ ಬಡೀಬಾರದೋ ಗಂಗ್ಯಾ.”

ಬೈಕು ಓಡಿತು. ಬಹಳ ಹೊತ್ತಾದ ಮೇಲೆ ಹೊಳೆಯ ತಂಪು ಸೆರಗಿನೊಳಗೆ ನುಗ್ಗಿತು. ಗಂಗಾರಾಮ ಸೆರಗು ಸರಿಸಿದ. ರಾಯಬಾಗದ ದಾರಿಗೆ ಕೃಷ್ಣೆ ಎಲ್ಲಿಂದ ಬಂದಳು?

“ಎಲ್ಲಿಗೆ ಒಯ್ಯಾಕತ್ತೀಲೇ?”

“ಸತ್ತಿ ಊರಿಗೆ, ಕಾವಿ ಹಚ್ಚೂ ಅಕ್ಕವ್ವನ ಕಡೆ. ಇದು ನಾಗಿನ ಐತಿ, ಸರ್ಪಸುತ್ತು. ಹೆಡಿ ಬಾಲಾ ಕೂಡಿದ್ರ ಹೆಣ ಆಗ್ತಿ ಮಗನ. ಮೊದಲ ಕಾವಿ ಹಚ್ಚಿಸ್ಕೊ, ಡಾಕ್ಟರ್ ಎಲ್ಲಿ ಓಡಿಹೋಗ್ತಾನ?”

ಅಕ್ಕವ್ವ ಕಾವಿ ಮಣ್ಣು ಕಲಸಿ ಅವನ ಮುಖಕ್ಕೆ ಬಳಿದಳು. ಮುಖ ಎಲೆ ಅಡಿಕೆ ಉಗುಳಿದ ಬಸ್‌ ಸ್ಟ್ಯಾಂಡಿನ ಮೂಲೆಯಂತಾಯಿತು. “ಒಣಗೂತನಕ ಪಿಟ್ಟ ಅನಬಾರದು. ಅಂದ್ರ ಮತ್ತ ಮೊದಲಿಂದ.”

ಕಟ್ಟೆಯ ಮೇಲೆ ಕುಳ್ಳಿರಿಸಿದರು. ಮಗ್ಗುಲಲ್ಲಿ ಇನ್ನೊಬ್ಬ ರೋಗಿ. ತಲೆಯ ಮೇಲೆ ಟವೆಲ್ಲು, ಕುತ್ತಿಗೆಯಿಂದ ಬಲ ಅಂಗೈ ತನಕ ಕಾವಿ. ಮೋಡ ಕವಿದಿತ್ತು. ಒಳಗಿನ ಗಡಿಯಾರ ನಾಲ್ಕು ಹೊಡೆಯಿತು, ನಾಲ್ಕೂವರೆ ಹೊಡೆಯಿತು. ಕಾವಿ ಮಾತ್ರ ಸರಕಾರಿ ಕಡತದಂತೆ ಇದ್ದಲ್ಲೇ ಇತ್ತು. ಕಣ್ಣಿನೊಳಗೆ ಕಾಯಿಸಿದ ದಬ್ಬಣ ಆಡಿಸಿದಂತಾಗಿ ಗಂಗಾರಾಮ ಎದ್ದು ನಿಂತ.

“ಸಾಕ್ ಮಾಡ್ರಿ. ನನ್ನ ಕಣ್ಣ ಹೊಂಟೈತಿ. ಐದಕ್ಕ ಸುಧೀರ ಡಾಕ್ಟರ ಬಾಗಲಾ ಹಾಕ್ತಾರ.”

ಮಗ್ಗುಲಿನವನು ಅವನ ಅಂಗಿ ಜಗ್ಗಿ, ಟವೆಲ್ಲು ಸರಿಸಿದ.

“ಕುಂಡರ್ ತಮ್ಮಾ. ಮುಂಜಾನೇನ ಬಾಗಲಾ ಹಾಕಿ ಬಂದೇನಿ.”

ಸುಧೀರ ಡಾಕ್ಟರ್!

“ವೈರಸ್ ಅಂತ ಗೊತ್ತಿದ್ದೂ ನೀವು ಇಲ್ಲೇನ್ರಿ?”

“ಗೊತ್ತೈತಿ, ಅದಕ್ಕ ಮೊದಲನೇ ದಿನಾನ ಗುಳಿಗಿ ನುಂಗೇನಿ. ಇದು ನಮ್ಮವ್ವನ ಸಮಾಧಾನಕ್ಕ. ನೀ ನುಂಗಿಲ್ಲೇನ?”

“ನಿಮ್ಮ ಕಾಲ ಬೀಳ್ತೀನಿ, ಚೀಟಿ ಬರದ ಕೊಡ್ರಿ.”

ಡಾಕ್ಟರು ಕಿಸೆಯ ಪೆನ್ನಿಗೆ ಬಲಗೈ ಎತ್ತಿದರು. ಅಷ್ಟರಲ್ಲಿ ಅಕ್ಕವ್ವ ಕಾವಿಯ ಬಟ್ಟಲು ಹಿಡಿದು ಹೊರಬಂದಳು.

“ಇಬ್ಬರೂ ಮಾತಾಡಿದ್ರಿ. ಮತ್ತ ಮೊದಲಿಂದ.”

ಡಾಕ್ಟರು ಬಾಯಿ ಮುಚ್ಚಿ, ಶಾಲೆಯ ಹುಡುಗನಂತೆ ಅಂಗೈ ಚಾಚಿದರು. ಲಗಮಪ್ಪ ಗಂಗಾರಾಮನ ಹೆಗಲು ಹಿಡಿದ, ಕಾಳವ್ವ ತಲೆ ಹಿಡಿದಳು. ಈ ಸಲ ಅಕ್ಕವ್ವ ಕೈ ಧಾರಾಳ ಮಾಡಿ, ಮುಚ್ಚಿದ ರೆಪ್ಪೆಯ ಮೇಲೂ ಬಳಿದಳು.

ಒಳಗೆ ಗಡಿಯಾರ ಐದು ಹೊಡೆಯಿತು.