ಮೆಷಿನ್ ಬಂದ ಮೇಲೆ ನನ್ನ ಹುಲ್ಲುಕತ್ತಿಗೆ ಬಂದ ಕಷ್ಟ

ನಮ್ಮ ಮಣಿಪಾಲದ ಕಾಲನಿಯಲ್ಲಿ ಮಳೆಯಾದರೂ ನಿಂತೀತು, ರಗಳೆ ನಿಲ್ಲುವುದಿಲ್ಲ. ಒಂದು ಮುಗಿಯಿತು ಎಂದು ಬಾಯಿ ಒರೆಸಿಕೊಳ್ಳುವಷ್ಟರಲ್ಲಿ ಪಕ್ಕದ ಕಂಪೌಂಡಿನಲ್ಲಿ ಇನ್ನೊಂದು ಹುಟ್ಟಿರುತ್ತದೆ. ನಾನು ಹೇಳುವುದು ಮೊಬೈಲ್ ಡಾಕ್ಟರರ ಸೊಂಟದಲ್ಲಿ ಮಾತ್ರ ನೇತಾಡುತ್ತಿದ್ದ ಕಾಲದ್ದು.

ನನಗೆ ಆಗ ಇದ್ದದ್ದು ಒಂದು ದನ, ಒಂದು ಹುಲ್ಲುಕತ್ತಿ. ಕಾಲನಿಯ ನಾಲ್ಕು ಮನೆಯವರು ನನ್ನಲ್ಲಿಗೆ ಬಂದು ಹಾಲು ಕೊಂಡೊಯ್ಯುತ್ತಿದ್ದರು, ಹಾಗಾಗಿ ಎಲ್ಲರಿಗೂ ನಾನು ಹಾಲಜ್ಜಿ. ಆ ನಾಲ್ಕು ಮನೆಯ ಅಂಗಳದ ಹುಲ್ಲು ನನ್ನ ದನಕ್ಕೆ. ಮಳೆಗಾಲ ಹಿಡಿದರೆ ದಿನಕ್ಕೊಂದು ಕಂಪೌಂಡಿನೊಳಗೆ ಕೂತು ಹೆರೆಯುವುದೇ ಕೆಲಸ. ಅಡಿಗೆಕೋಣೆಯ ಕಿಟಕಿಯ ಕೆಳಗೆ ಹುಲ್ಲು ಯಾವಾಗಲೂ ಹುಲುಸು, ಪಾತ್ರೆ ತೊಳೆದ ನೀರು ಬೀಳುತ್ತದಲ್ಲ. ಅಲ್ಲಿ ಕೂತರೆ ದನಕ್ಕೊಂದು ಹೊರೆ, ನನಗೊಂದು ಹೊರೆ. ದನದ್ದು ತಲೆಯ ಮೇಲೆ, ನನ್ನದು ಕಿವಿಯೊಳಗೆ. ಯಾರ ಮನೆಯ ಅತ್ತೆ ಸಿಟ್ಟಿನಲ್ಲಿ ಊಟ ಬಿಟ್ಟಿದ್ದಾರೆ, ಯಾರ ಮಗಳಿಗೆ ಬಂದ ಸಂಬಂಧ ಎಂತಕ್ಕೆ ತಪ್ಪಿತು, ಎಲ್ಲ ಮೊದಲು ನನಗೆ ಗೊತ್ತಾಗಬೇಕು. ಪೇಪರಿನವನು ಬರುವುದು ಆಮೇಲೆ.

ಇಂಥ ನನ್ನ ಬದುಕಿಗೆ ಹುಲ್ಲು ಕತ್ತರಿಸುವ ಮೆಷಿನ್ ಬಂತು.

1. ಲಿಂಬೆಹುಳಿ

ತಂದವರು ಆ ನಾಲ್ಕರಲ್ಲಿ ಮೊದಲನೇ ಮನೆಯವರು, ದುಬೈಯಿಂದ ವಾಪಸು ಬಂದು ಮನೆ ಕಟ್ಟಿಸಿದವರು. ಹುಲ್ಲಿಗೆ ಲಾನ್ ಎಂದು ಹೆಸರಿಟ್ಟು, ಅದಕ್ಕೆ ಗೊಬ್ಬರ ಹಾಕಿ, ಬೆಳೆದ ಮೇಲೆ ಯಾಕೆ ಬೆಳೆಯಿತು ಎಂದು ಕತ್ತರಿಸುವ ಜಾತಿ. ಆಯುಧ ಪೂಜೆಯ ದಿನ ಮೆಷಿನನ್ನು ಅಂಗಳದ ನಡುವೆ ನಿಲ್ಲಿಸಿದರು. ಕೆಂಪು ಬಣ್ಣ, ನಾಲ್ಕು ಚಕ್ರ, ಹೊಟ್ಟೆಯಡಿಯಲ್ಲಿ ಬ್ಲೇಡು. ಕಾರಿಗೆ ಮಾಡಿದ ಹಾಗೆ ಇದಕ್ಕೂ ಕುಂಕುಮ, ಹೂಮಾಲೆ, ಮುಂದಿನ ಎರಡು ಚಕ್ರದಡಿಗೆ ಎರಡು ಲಿಂಬೆಹುಳಿ.

ಪಕ್ಕದ ಮನೆಯ ಪ್ರೊಫೆಸರರು ನೋಡಲು ಬಂದಿದ್ದರು. ಇಂಜಿನಿಯರಿಂಗ್ ಕಲಿಸುವವರು, ಬಿಳಿ ಶರ್ಟು. "ಲಿಂಬೆಹುಳಿಗೂ ಎಂಜಿನಿಗೂ ಎಂತ ಸಂಬಂಧ ಮಾರಾಯ್ರೆ?" ಎಂದು ನಕ್ಕರು.

ದುಬೈಯವರು ಹಗ್ಗ ಎಳೆದು ಸ್ಟಾರ್ಟ್ ಮಾಡಿ ಮುಂದೆ ದೂಡಿದರು. ಒಂದು ಲಿಂಬೆ ಅಪ್ಪಚ್ಚಿಯಾಯಿತು. ಇನ್ನೊಂದು ಜಾರಿ ಮೆಷಿನಿನ ಹೊಟ್ಟೆಯೊಳಗೆ ಹೋಯಿತು. ಫಟ್ ಎಂದು ಸದ್ದಾಯಿತು. ನೋಡಿದರೆ ಅರ್ಧ ಲಿಂಬೆ ಪ್ರೊಫೆಸರರ ಎದೆಯ ಮೇಲೆ, ಕುಂಕುಮದ ಸಮೇತ.

ಮರುದಿನ ಬೆಳಿಗ್ಗೆ ಹಾಲು ತೆಗೆದುಕೊಳ್ಳಲು ಹೆಂಡತಿಯ ಬದಲು ಅವರೇ ಬಂದರು. ಆಚೆ ನೋಡಿದರು, ಈಚೆ ನೋಡಿದರು, ಸಣ್ಣ ಸ್ವರದಲ್ಲಿ ಕೇಳಿದರು: "ಹಾಲಜ್ಜಿ, ಪೂಜೆಯ ಲಿಂಬೆಹುಳಿ ಎದೆಗೆ ತಾಗಿದರೆ ಎಂತಾದರೂ ಆಗುತ್ತದಾ?"

"ಮನುಷ್ಯರು ಕತ್ತರಿಸಿದ್ದಾದರೆ ಪರಿಹಾರ ಉಂಟು. ಮೆಷಿನ್ ಕತ್ತರಿಸಿದ್ದಕ್ಕೆ ಇನ್ನೂ ಮಂತ್ರ ಹುಟ್ಟಲಿಲ್ಲ ಸ್ವಾಮಿ" ಎಂದೆ. ಪಾಪ, ಒಂದು ವಾರ ಸ್ಕೂಟರು ಮುಟ್ಟಲಿಲ್ಲ.

2. ಗೇಟಿನ ಹೊರಗೆ

ದುಬೈಯವರು ದೊಡ್ಡ ಮನಸ್ಸಿನವರು. ಮೆಷಿನನ್ನು ನಾಲ್ಕೂ ಮನೆಗೆ ಸರದಿಯಲ್ಲಿ ಕೊಟ್ಟರು. ನನ್ನನ್ನು ಕರೆದು, "ಅಜ್ಜಿ, ಇನ್ನು ನೀವು ಬಗ್ಗಿ ಸೊಂಟ ನೋಯಿಸಿಕೊಳ್ಳುವುದು ಬೇಡ. ಹುಲ್ಲನ್ನು ಚೀಲದಲ್ಲಿ ತುಂಬಿಸಿ ಗೇಟಿನ ಹತ್ತಿರ ಇಡುತ್ತೇವೆ" ಎಂದರು.

ಗೇಟಿನ ಹತ್ತಿರ! ನನಗೆ ಎದೆಗೆ ಕತ್ತಿ ಹಾಕಿದ ಹಾಗಾಯಿತು. ಗೇಟಿನ ಹತ್ತಿರ ನಿಂತರೆ ಒಳಗಿನದ್ದು ಎಂತ ಕೇಳುತ್ತದೆ? ನಾಯಿ ಬೊಗಳುವುದು.

ದನವೂ ನನ್ನ ಪಕ್ಷವೇ. ಚೀಲದ ಹುಲ್ಲನ್ನು ಮೂಸಿ, ಪೆಟ್ರೋಲ್ ನಾತಕ್ಕೆ ಮುಖ ತಿರುಗಿಸಿತು. ಹಾಗಂತ ಹೋಗಿ ಹೇಳಿದರೆ ದುಬೈಯವರು, "ನಿಧಾನ ಅಭ್ಯಾಸ ಆಗುತ್ತದೆ ಅಜ್ಜಿ. ನನಗೂ ದುಬೈಗೆ ಹೋದ ಹೊಸತರಲ್ಲಿ ಹಾಗೆಯೇ ಆಗಿತ್ತು" ಎಂದರು.

3. ಎಣ್ಣೆ

ಮೆಷಿನ್ ಎಂದ ಮೇಲೆ ಅದರ ಚಾಕರಿಯೂ ಆಗಬೇಕು. ಬ್ಲೇಡು ಮಸೆಯುವುದು, ಹೊಟ್ಟೆ ತೊಳೆಯುವುದು, ಎಣ್ಣೆ ಬದಲಿಸುವುದು. ಅನುಭವಿಸಲು ನಾಲ್ಕು ಮನೆ, ಚಾಕರಿಗೆ ಒಬ್ಬರೂ ಇಲ್ಲ. ಕೊನೆಗೆ ಅದು ನಾಲ್ಕನೇ ಮನೆಯ ಬ್ಯಾಂಕ್ ಮ್ಯಾನೇಜರರ ತಲೆಗೆ ಬಂತು. ಅವರು ರಿಟೈರಾಗಿ ಕೈಗೆ ಕೆಲಸವಿಲ್ಲದೆ ಕೂತಿದ್ದರು. ಅವರ ಮನೆ ಎಂದರೆ ನೀರುಳ್ಳಿ ಕೂಡ ಒಳಗೆ ಹೋಗದಷ್ಟು ಮಡಿ. ಹೆಂಡತಿ ಕಾರ್ಕಳದವರು, ನಾನು ಹಾಲು ಹೊಯ್ಯುವಾಗ ನನ್ನ ಚೊಂಬು ಅವರ ಪಾತ್ರೆಗೆ ತಾಗಬಾರದು.

"ಎಣ್ಣೆ ಬದಲಿಸಿ" ಎಂದು ದುಬೈಯವರು ಹೇಳಿದ್ದಷ್ಟೇ. ಯಾವ ಎಣ್ಣೆ ಎಂದು ಇವರು ಕೇಳಲಿಲ್ಲ. ಹಳೆಯದ್ದನ್ನು ಚೆಲ್ಲಿ ಗಾಣದಿಂದ ತಂದ ಶುದ್ಧ ತೆಂಗಿನೆಣ್ಣೆ ಹೊಯ್ದರು. ಸ್ಟಾರ್ಟ್ ಮಾಡಿ ಎರಡು ಸುತ್ತು ಬರುವಷ್ಟರಲ್ಲಿ ಇಡೀ ಕಾಲನಿಗೆ ಹಪ್ಪಳ ಕರಿದ ಪರಿಮಳ. ಪ್ರೊಫೆಸರರು, "ಯಾರ ಮನೆಯಲ್ಲಿ ಇವತ್ತು ಪಾಯಸ?" ಎಂದು ಹೊರಗೆ ಬಂದರು. ಆಮೇಲೆ ಹೊಗೆ ಬಂತು, ಆಮೇಲೆ ಮೆಷಿನ್ ನಿಂತಿತು.

ಬನ್ನಂಜೆಯಿಂದ ಬಂದ ಸ್ಕೂಟರ್ ಮೆಕ್ಯಾನಿಕ್ ಮುಚ್ಚಳ ತೆಗೆದು ಮೂಸಿ ನೋಡಿದ. ಇನ್ನೊಮ್ಮೆ ಮೂಸಿದ. "ಸಾರ್, ಇದನ್ನು ನಾನು ರಿಪೇರಿ ಮಾಡಬೇಕಾ, ಇಲ್ಲ ಬಾಳೆಕಾಯಿ ಹೆಚ್ಚಿ ಹಾಕಬೇಕಾ?"

4. ಬಳೆ

ಈ ಮೆಷಿನಿನ ಸದ್ದಿಗೆ ಪಕ್ಕದಲ್ಲಿ ಗರ್ನಾಲು ಸಿಡಿದರೂ ಕೇಳುವುದಿಲ್ಲ. ಇದನ್ನು ಮೊದಲು ಕಂಡುಕೊಂಡದ್ದು ಪ್ರೊಫೆಸರರ ಮನೆಯವರು. ಹೆಂಡತಿ ಆಸ್ಪತ್ರೆಯಲ್ಲಿ ಡಾಕ್ಟರು, ಇಬ್ಬರಿಗೂ ಮರ್ಯಾದೆಯ ಚಿಂತೆ ಬಹಳ. ದುಬೈಯವರ ಅಂಗಳದಲ್ಲಿ ಮೆಷಿನ್ ಶುರುವಾದದ್ದೇ ಇವರ ಮನೆಯೊಳಗೆ ಜಗಳ ಶುರು. ಕಿಟಕಿಯಲ್ಲಿ ಕೈ ಬೀಸುವುದು ಕಾಣುತ್ತದೆ, ಬಾಯಿ ತೆರೆಯುವುದು ಕಾಣುತ್ತದೆ, ಮಾತು ಮಾತ್ರ ಒಂದಕ್ಷರ ಕೇಳುವುದಿಲ್ಲ. ರಸ್ತೆಯಲ್ಲಿ ನಿಂತ ನನಗೆ ಕಾಲಡಿಗೆ ಕೆಂಡ ಹಾಕಿದ ಹಾಗೆ. ನಿಲ್ಲಲಿಕ್ಕಾಗುವುದಿಲ್ಲ, ಹೋಗಲಿಕ್ಕೂ ಮನಸ್ಸಿಲ್ಲ.

ಮರುವರ್ಷದ ಮಳೆಗಾಲ, ಸೋಣ ತಿಂಗಳ ಒಂದು ಭಾನುವಾರ. ಹುಲ್ಲು ಒದ್ದೆ. ಮೆಷಿನಿನ ಹೊಟ್ಟೆಗೆ ಹುಲ್ಲು ಸಿಕ್ಕಿಕೊಂಡು ಅದು ಗಕ್ಕನೆ ನಿಂತಿತು. ಡಾಕ್ಟರಮ್ಮನ ಬಾಯಿ ನಿಲ್ಲಲು ಸ್ವಲ್ಪ ತಡವಾಯಿತು.

"...ಆ ಬಳೆ ನಿಮ್ಮ ಅಕ್ಕನ ಕೈಗೆ ಹೇಗೆ ಬಂತು ಅಂತ ನನಗೆ ಗೊತ್ತಿಲ್ಲ ಎಂದು ಎಣಿಸಿದ್ದೀರಾ?"

ನಾನು ಕಿವಿಯ ಮೇಲಿನ ಸೆರಗು ಸರಿಸಿ ಮುಂದಿನ ಮಾತಿಗೆ ಕಾದೆ.

ಪ್ರೊಫೆಸರರು ಕಿಟಕಿಯಿಂದ ತಲೆ ಹೊರಗೆ ಹಾಕಿ ದುಬೈಯವರಿಗೆ ಕೈ ಮುಗಿದರು. "ಮಾರಾಯ್ರೆ, ಅದನ್ನೊಮ್ಮೆ ಬೇಗ ಸ್ಟಾರ್ಟ್ ಮಾಡಿ!"

5. ಎಪ್ರಿಲ್ ತಿಂಗಳ ಹುಲ್ಲು

ಮುಂದಿನ ಬೇಸಿಗೆಯ ಹೊತ್ತಿಗೆ ನಾನು ಸೊರಗಿ ಹೋಗಿದ್ದೆ. ಯಾವ ಕಂಪೌಂಡಿಗೂ ಕಾಲಿಡಲು ನೆವ ಇಲ್ಲ. ಹೀಗಿರುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಮ್ಯಾನೇಜರರು ವಾರಕ್ಕೆ ಎರಡು ಸಲ ಮೆಷಿನ್ ದೂಡಿಕೊಂಡು ಬೋಟಿನಕ್ಕನ ಮನೆಗೆ ಹೋಗುತ್ತಿದ್ದರು. ಬೋಟಿನಕ್ಕ ಎಂದರೆ ಮೂರನೇ ಮನೆಯವರು. ಗಂಡ ತೀರಿಹೋಗಿ ವರ್ಷಗಳಾಗಿವೆ, ಮಕ್ಕಳು ಬೋಟಿನ ಹಿಂದೆ ಸಮುದ್ರದಲ್ಲಿ. ಐವತ್ತು ದಾಟಿದರೂ ತಲೆಯಲ್ಲಿ ದಿನಾ ಮಲ್ಲಿಗೆ.

ಒಂದು ದಿನ ಮ್ಯಾನೇಜರರ ಹೆಂಡತಿ ಗೋಡೆಯ ಈಚೆ ಸಂಡಿಗೆ ಒಣಗಿಸುತ್ತಾ, "ನಮ್ಮವರಿಗೆ ಪರೋಪಕಾರದ ಹುಚ್ಚು, ಹಾಲಜ್ಜಿ. ಗಂಡು ದಿಕ್ಕಿಲ್ಲದ ಮನೆ ಎಂದು ಹುಲ್ಲು ಕತ್ತರಿಸಿ ಕೊಡುತ್ತಾರೆ. ಕೇಳಿ, ಮೆಷಿನ್ ನಿಲ್ಲಿಸುವುದೇ ಇಲ್ಲ. ಬರುವಾಗ ಮೈಯೆಲ್ಲ ಪೆಟ್ರೋಲ್ ನಾತ, ನಾನು ಮೂಗು ಮುಚ್ಚಿ ಸೀದಾ ಬಚ್ಚಲಿಗೆ ಕಳಿಸುತ್ತೇನೆ" ಎಂದರು.

"ಒಳ್ಳೆಯದಮ್ಮ. ಆದರೆ ಎಪ್ರಿಲ್‌ನಲ್ಲಿ ಹುಲ್ಲು ಎಲ್ಲಿ ಉಂಟು? ನಳ್ಳಿಯಲ್ಲಿ ನೀರೇ ಇಲ್ಲ" ಎಂದೆ. ಅಷ್ಟೇ ಹೇಳಿದ್ದು. ಕಡ್ಡಿ ಗೀರಿದ ಮೇಲೆ ಊದುವ ಕೆಲಸ ನಮ್ಮದಲ್ಲ.

ಅವರ ಕೈಯ ಸಂಡಿಗೆ ಕೆಳಗೆ ಬಿತ್ತು. "ನಡೆಯಿರಿ" ಎಂದರು. ನಾನು ಆಗಲೇ ನಾಲ್ಕು ಹೆಜ್ಜೆ ಮುಂದಿದ್ದೆ.

ಬೋಟಿನಕ್ಕನ ಅಂಗಳ ಬೋಳು. ನಡುವೆ ಮೆಷಿನ್ ಒಂಟಿಯಾಗಿ ನಿಂತು ಕಿರುಚುತ್ತಾ ಇತ್ತು. ಕೈಬಿಟ್ಟರೆ ನಿಲ್ಲುವ ಮೆಷಿನ್ ಅದು, ಹಾಗಾಗಿ ಹಿಡಿಕೆಯನ್ನು ತೆಂಗಿನ ಹಗ್ಗದಿಂದ ಬಿಗಿದು ಕಟ್ಟಿದ್ದರು. ಮ್ಯಾನೇಜರರ ಹೆಂಡತಿ ಎದೆ ಹಿಡಿದುಕೊಂಡರು. ನಾನು ಸೆರಗು ಬಾಯಿಗೆ ಹಿಡಿದೆ, ನಗು ಕಾಣಬಾರದಲ್ಲ. ಇಬ್ಬರೂ ಹಿಂದಿನ ಜಗಲಿಗೆ ಇಣುಕಿದೆವು.

ಮ್ಯಾನೇಜರರು ಮಣೆಯ ಮೇಲೆ ಕೂತಿದ್ದರು. ಎದುರಿಗೆ ಬಾಳೆಲೆ, ಎಲೆಯಲ್ಲಿ ಕಾಯಿಸಿದ ಬಂಗುಡೆ ಮೀನು, ಸುತ್ತಲೂ ಮೂರು ಬೆಕ್ಕು. ಬೋಟಿನಕ್ಕ ದೂರದಲ್ಲಿ ಒಲೆಯ ಹತ್ತಿರ ನಿಂತು, "ಇನ್ನೊಂದು ಹಾಕಲಾ ಅಣ್ಣ?" ಎಂದು ಕೇಳುತ್ತಿದ್ದರು. ಕಾಪು ಬ್ರಾಂಚಿನಲ್ಲಿದ್ದಾಗ ಹಿಡಿದ ಚಟವಂತೆ, ಆಮೇಲೆ ಗೊತ್ತಾಯಿತು.

ಹೆಂಡತಿ ಹಣೆ ಚಚ್ಚಿಕೊಂಡರು. "ಅಯ್ಯೋ ದೇವರೇ! ಇದರ ಬದಲು ಅವರ ಕೈ ಹಿಡಿದುಕೊಂಡು ಕೂತಿದ್ದರೂ ನಾನು ಹೇಗಾದರೂ ಸಹಿಸಿಕೊಳ್ಳುತ್ತಿದ್ದೆನಲ್ಲ!"

ಬೋಟಿನಕ್ಕನಿಗೆ ರೇಗಿತು. "ಎಂತ ಮಾತಮ್ಮ ಇದು? ನನ್ನ ಕೈಗಿಂತ ನನ್ನ ಬಂಗುಡೆ ಕಡೆಯಾ?"

ಮ್ಯಾನೇಜರರು ಎದ್ದು ನಿಂತರು. ಬಾಯಲ್ಲಿ ಮುಳ್ಳು. ಅದನ್ನು ತೆಗೆದು ಎಲೆಯ ಬದಿಗಿಟ್ಟು, "ಮೆಷಿನ್ ಆಫ್ ಮಾಡಿ ಬರುತ್ತೇನೆ" ಎಂದು ಹೋದವರು ಆಚೆ ಬದಿಯ ಗೇಟಿನಿಂದ ಹೊರಟೇ ಹೋದರು.

ಅವತ್ತೇ ತೀರ್ಪಾಯಿತು. ಮೆಷಿನ್ ಇನ್ನು ತಮ್ಮ ಕಂಪೌಂಡಿಗೂ ಬೇಡ, ಗಂಡನ ಕೈಗೂ ಬೇಡ ಎಂದರು ಆ ಅಮ್ಮ. ನನ್ನ ಕೈ ಹಿಡಿದು, ಮಡಿ ಎಲ್ಲಿ ಹೋಯಿತೋ ಏನೋ, "ಹಾಲಜ್ಜಿ, ನಾಳೆಯಿಂದ ನಮ್ಮ ಹುಲ್ಲಿಗೆ ನೀವೇ ಬನ್ನಿ. ಈ ಸಂಗತಿ ಮಾತ್ರ ಯಾರಿಗೂ ಬೇಡ" ಎಂದರು. ನಾನು ಬಾಯಿ ಬಿಡಲಿಲ್ಲ. ಸಂಜೆ ಹಾಲಿಗೆ ಬಂದವರು ಕೇಳಿದ್ದಕ್ಕೆ ಉತ್ತರ ಹೇಳದಿದ್ದರೆ ಮರ್ಯಾದೆಯಲ್ಲ, ಅಷ್ಟೇ.

ಮರುದಿನ ಬೆಳಿಗ್ಗೆ ಕತ್ತಿ ಮಸೆದು ಹೋದೆ. ಅವರ ಅಂಗಳದಲ್ಲಿ ಒಂದು ಎಸಳು ಹುಲ್ಲಿಲ್ಲ. ಆದರೂ ಕೂತೆ. ಒಳಗೆ ಗಂಡಹೆಂಡಿರ ಮಾತು ಜೋರಾಗಿತ್ತು, ಈ ಸಲ ಮೆಷಿನಿನ ಸದ್ದಿಲ್ಲದೆ ಸ್ವಚ್ಛವಾಗಿ ಕೇಳುತ್ತಿತ್ತು. ಬಿಸಿಲು ನೆತ್ತಿಗೆ ಬಂದಾಗ ಆ ಅಮ್ಮ ಹೊರಗೆ ಬಂದು ನೋಡಿ ಗಾಬರಿಯಾದರು.

"ಹಾಲಜ್ಜಿ, ಬೆಳಿಗ್ಗಿನಿಂದ ಬರೀ ಮಣ್ಣು ಹೆರೆಯುತ್ತಿದ್ದೀರಲ್ಲ!"

"ನೀವು ಒಳಗೆ ಹೋಗಿ ಮಾತು ಮುಂದುವರಿಸಿ ಅಮ್ಮ" ಎಂದೆ. "ನನ್ನ ಕೆಲಸ ಇನ್ನೂ ಮುಗಿಯಲಿಲ್ಲ."